ಮೀನಿಗೂ ಇರಲಿ ಭೀಮೆಯ ಪಾಲು

ಬೇಸಿಗೆ ಬಂತೆಂದರೆ ಅಫಜಲಪುರ ತಾಲ್ಲೂಕಿನ ಅತನೂರ ಸೀಮೆಯಲ್ಲಿ ಭೀಮಾ ನದಿಯದೇ ಚಿಂತೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಿಸಿ ಎಂಬ ಬೇಡಿಕೆ ಏಳುವುದು ಕುಡಿಯುವ ನೀರಿಗೆ, ಬೆಳೆಗೆ. ನದಿಯೊಳಗಿನ ಜೀವಿಗಳ ಪಾಲನ್ನು ಕೇಳುವವರಿಲ್ಲ.

ಮೀನಿಗೆ ನೀರಷ್ಟೇ ಸಾಲದು. ಹರಿವು, ಆಳದ ಮಡು, ಮರಳಿನ ತಳ, ದಡದ ನೆರಳೂ ಬೇಕು. ಹರಿವು ನಿಂತು ನೀರು ಕಾದಂತೆ ಅದರಲ್ಲಿ ಕರಗಿದ ಆಮ್ಲಜನಕ ಕುಗ್ಗುತ್ತದೆ. ಮರಳು ಬಗೆದರೆ ತಳವನ್ನೇ ನೆಚ್ಚಿದ ಜೀವಿಗಳು ನೆಲೆ ಕಳೆದುಕೊಳ್ಳುತ್ತವೆ. ಸೊನ್ನ ಬ್ಯಾರೇಜಿನಂಥ ಕಟ್ಟೆಗಳು ನೀರನ್ನು ಹಿಡಿದಿಡುತ್ತವೆ, ನಿಜ. ಆದರೆ ಮುಂಗಾರಿನ ಹೊಸನೀರಿಗೆ ಎದುರೇರುವ ಮೀನಿಗೆ ಅವು ಗೋಡೆಯೇ ಸರಿ.

ನದಿಯ ಕನಿಷ್ಠ ಹರಿವಿಗೂ ನೀರು ಮೀಸಲಿರಬೇಕೆಂಬುದನ್ನು ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲೇ ಒಪ್ಪಿತ್ತು. ಕೃಷ್ಣೆಯ ಉಪನದಿಯಾದ ಭೀಮೆಗೂ ಆ ನ್ಯಾಯ ದಕ್ಕಲಿ. ಇಲ್ಲವಾದರೆ ಉಳಿಯುವುದು ನೀರಿನ ತೊಟ್ಟಿಗಳ ಸಾಲು, ನದಿಯಲ್ಲ.