ಊರು ತುಂಬಿಸುವ ಉಗ್ರಾಣ

ಉಡುಪಿಯ ಪರ್ಯಾಯವಿರಲಿ, ಹಳ್ಳಿಯ ಬ್ರಹ್ಮಕಲಶೋತ್ಸವವಿರಲಿ, ಕರಾವಳಿಯ ಹಬ್ಬ ಶುರುವಾಗುವುದು ಹೊರೆಕಾಣಿಕೆಯಿಂದ. ಊಟ ಹಾಕುವವರು, ಊಟ ಮಾಡುವವರು ಎಂಬ ಅಂತರವನ್ನು ಅಳಿಸುವ ಈ ಪದ್ಧತಿಯ ಪರಿಚಯ ಇಲ್ಲಿದೆ.

ಎರಡು ವರ್ಷಕ್ಕೊಮ್ಮೆ ಜನವರಿಯ ಎರಡನೇ ವಾರದಲ್ಲಿ ಉಡುಪಿಯ ಜೋಡುಕಟ್ಟೆಯ ಬಳಿ ಮಧ್ಯಾಹ್ನದ ಬಿಸಿಲು ಇಳಿಯುತ್ತಿದ್ದಂತೆ ಲಾರಿ, ಟೆಂಪೊ, ಗೂಡ್ಸ್ ಆಟೋಗಳು ಸಾಲುಗಟ್ಟುತ್ತವೆ. ಒಂದರ ತುಂಬ ಬೆಳ್ತಿಗೆ ಅಕ್ಕಿಯ ಮೂಟೆ, ಇನ್ನೊಂದರಲ್ಲಿ ತೆಂಗಿನಕಾಯಿ, ಮತ್ತೊಂದರಲ್ಲಿ ಬೂದುಗುಂಬಳ, ಸುವರ್ಣಗೆಡ್ಡೆ, ಸೌತೆಕಾಯಿ. ಎಣ್ಣೆಯ ಟಿನ್ನು, ಬೆಲ್ಲದ ಡಬ್ಬ, ಬಾಳೆಗೊನೆ, ಸೀಯಾಳ, ಹಿಂಗಾರದ ಗೊಂಚಲುಗಳಿಗೂ ಜಾಗವಿದೆ. ವಾಹನದ ಮುಂಭಾಗಕ್ಕೆ ಕಟ್ಟಿದ ಬ್ಯಾನರಿನಲ್ಲಿ ಊರಿನ ಹೆಸರೋ ಸಂಘದ ಹೆಸರೋ ಇರುತ್ತದೆ. ಚೆಂಡೆಯ ಪೆಟ್ಟು ಬಿದ್ದೊಡನೆ ಪೂರ್ಣಕುಂಭ ಹಿಡಿದ ಹೆಂಗಸರು, ತಾಳ ಹಿಡಿದ ಭಜನಾ ಮಂಡಳಿಯವರು ಮುಂದಾಗಿ, ಇಡೀ ಸಾಲು ರಥಬೀದಿಯ ಕಡೆಗೆ ನಿಧಾನವಾಗಿ ಹೊರಡುತ್ತದೆ. ಇದೇ ಹೊರೆಕಾಣಿಕೆ. ಜನವರಿ 18ರಂದು ನಡೆಯುವ ಪರ್ಯಾಯ ಮಹೋತ್ಸವಕ್ಕೆ ನಾಡಿನ ಕಣ್ಣು ನೆಟ್ಟಿರುತ್ತದೆ. ಆದರೆ ಆ ದಿನಕ್ಕೆ ಬೇಕಾದ ಅನ್ನವನ್ನು ಊರೂರಿನ ಜನ ಹೊತ್ತು ತರುವ ಈ ದಿನಗಳಲ್ಲೇ ಹಬ್ಬದ ಜೀವಾಳವಿದೆ.

ಸಟ್ಟುಗದ ಹೊಣೆ

ಹೊರೆಕಾಣಿಕೆ ಯಾಕೆ ಬೇಕಾಯಿತೆಂದು ತಿಳಿಯಲು ಪರ್ಯಾಯದ ಸ್ವರೂಪವನ್ನು ತುಸು ಅರಿಯಬೇಕು. 13ನೇ ಶತಮಾನದಲ್ಲಿ ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿದ ಮಧ್ವಾಚಾರ್ಯರು ಪೂಜೆಯ ಹೊಣೆಯನ್ನು ಎಂಟು ಶಿಷ್ಯರಿಗೆ ಒಪ್ಪಿಸಿದರು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಮಠಗಳು ಆ ಪರಂಪರೆಯವು. ಮೊದಲಿಗೆ 2 ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು, ಅಂದರೆ ಪರ್ಯಾಯವನ್ನು, 16ನೇ ಶತಮಾನದಲ್ಲಿ ಸೋದೆ ಮಠದ ವಾದಿರಾಜರು 2 ವರ್ಷಕ್ಕೆ ವಿಸ್ತರಿಸಿದರು. 1522ರಿಂದ ಎಣಿಸುವ ಈ ಪದ್ಧತಿಯಲ್ಲಿ ಎಂಟೂ ಮಠಗಳ ಸರದಿ ಒಮ್ಮೆ ಮುಗಿಯಲು 16 ವರ್ಷ ಬೇಕು. ಪಲಿಮಾರು ಮಠದಿಂದ 2018ರಲ್ಲಿ ಆರಂಭವಾದದ್ದು 32ನೇ ಸುತ್ತು. 2024ರಲ್ಲಿ ಪುತ್ತಿಗೆ ಮಠದ ಸರದಿ, 2026ರಲ್ಲಿ ಶೀರೂರು ಮಠದ್ದು.

ಅಧಿಕಾರ ಹಸ್ತಾಂತರದ ಹೊತ್ತಿನಲ್ಲಿ ನಿರ್ಗಮಿಸುವ ಸ್ವಾಮೀಜಿ ಹೊಸಬರ ಕೈಗೆ ಕೊಡುವ ವಸ್ತುಗಳಲ್ಲಿ ಮುಖ್ಯವಾದವು ಅಕ್ಷಯಪಾತ್ರೆ ಮತ್ತು ಸಟ್ಟುಗ. ಮಧ್ವಾಚಾರ್ಯರ ಕಾಲದವೆಂದು ನಂಬಲಾದ ಇವೆರಡೂ ಅಡುಗೆಮನೆಯ ಸಾಮಾನುಗಳು. ಪೀಠವೇರುವವರ ಮೊದಲ ಹೊಣೆ ಬಂದವರಿಗೆ ಅನ್ನ ಬಡಿಸುವುದು ಎಂಬುದನ್ನು ಆ ಸಟ್ಟುಗವೇ ಸಾರುತ್ತದೆ. ಕೃಷ್ಣನನ್ನು ಅನ್ನಬ್ರಹ್ಮನೆಂದು ಕರೆಯುವ ಊರಿದು. ಇಲ್ಲಿ 2 ವರ್ಷದ ಆಡಳಿತವೆಂದರೆ 2 ವರ್ಷ ಒಲೆ ಆರದಂತೆ ನೋಡಿಕೊಳ್ಳುವ ಕೆಲಸ. ಚಿಣ್ಣರ ಸಂತರ್ಪಣೆಯ ಹೆಸರಿನಲ್ಲಿ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಏರ್ಪಾಡೂ ಇದೇ ಒಲೆಯೊಡನೆ ಬೆಸೆದುಕೊಂಡಿದೆ.

ಹೀಗಾಗಿ ಸಿದ್ಧತೆ ವರ್ಷಕ್ಕೂ ಮೊದಲೇ ಆರಂಭವಾಗುತ್ತದೆ. ಅದಕ್ಕೆ ನಾಲ್ಕು ಮುಹೂರ್ತಗಳಿವೆ. ಬಾಳೆ ಮುಹೂರ್ತದಲ್ಲಿ ಬಾಳೆ ಮತ್ತು ತುಳಸಿಯ ಗಿಡ ನೆಡುತ್ತಾರೆ. ಊಟದ ಎಲೆ, ಹಣ್ಣು, ಅರ್ಚನೆಯ ತುಳಸಿ ಎಲ್ಲವೂ ಹೊತ್ತಿಗೆ ಸರಿಯಾಗಿ ಒದಗಬೇಕಲ್ಲ. ಆಮೇಲೆ ಅಕ್ಕಿ ಮುಹೂರ್ತ, ಬಳಿಕ ಕಟ್ಟಿಗೆ ಮುಹೂರ್ತ. ಮಧ್ವಸರೋವರದ ಬಳಿ ಸೌದೆಯನ್ನು ತೇರಿನ ಆಕಾರದಲ್ಲಿ ಒಪ್ಪವಾಗಿ ಜೋಡಿಸಿದ ಕಟ್ಟಿಗೆ ರಥವನ್ನು ನೋಡಲೆಂದೇ ನಿಲ್ಲುವವರಿದ್ದಾರೆ. ಕೊನೆಯದು ಭತ್ತ ಮುಹೂರ್ತ. ಗಿಡ ನೆಟ್ಟು, ಅಕ್ಕಿ ಕೂಡಿಟ್ಟು, ಸೌದೆ ಒಟ್ಟಿ, ಭತ್ತ ತುಂಬಿಸುವ ಈ ಕ್ರಮದಲ್ಲಿ ರೈತನ ಮನೆಯ ಲೆಕ್ಕಾಚಾರವೇ ಕಾಣುತ್ತದೆ. ಮಠದ ಸಿದ್ಧತೆ ಹೀಗೆ ಮುಗಿಯುವ ಹೊತ್ತಿಗೆ ಊರಿನ ಸಿದ್ಧತೆ, ಅಂದರೆ ಹೊರೆಕಾಣಿಕೆ, ಶುರುವಾಗುತ್ತದೆ.

ಗೇಣಿಯ ಅಕ್ಕಿ, ಕಾಣಿಕೆಯ ಅಕ್ಕಿ

ಹೊರೆಕಾಣಿಕೆಯ ಹಿಂದೆ ಕರಾವಳಿಯ ನೆಲದ ಚರಿತ್ರೆಯೂ ಇದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮಠ, ದೇವಸ್ಥಾನ ಮತ್ತು ಧಣಿಗಳ ಭೂಮಿಯನ್ನು ಗೇಣಿಗೆ ಪಡೆದು ಉಳುವವರೇ ಹೆಚ್ಚಿದ್ದರು. ಬೆಳೆ ಬಂದೊಡನೆ, ಹುಲ್ಲಿನಲ್ಲಿ ಬಿಗಿದು ಕಟ್ಟುವ ಮುಡಿಯ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಡಬೇಕಿತ್ತು. ಚಾಲಗೇಣಿಯ ಒಕ್ಕಲಿಗೆ ಹೊಲದ ಮೇಲೆ ಯಾವ ಹಿಡಿತವೂ ಇರಲಿಲ್ಲ. ಗೇಣಿ ಬಾಕಿಯಾದರೆ ಮನೆಯನ್ನೂ ಬಿಡಬೇಕಾದೀತೆಂಬ ಹೆದರಿಕೆಯಲ್ಲೇ ಬದುಕು ಸಾಗುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಇದನ್ನು ಬುಡಮೇಲು ಮಾಡಿತು. ಉಳುವವನೇ ಹೊಲದೊಡೆಯನಾದ. ಮಠ, ದೇವಸ್ಥಾನಗಳಿಗೆ ಗೇಣಿಯಾಗಿ ಬರುತ್ತಿದ್ದ ಅಕ್ಕಿ ನಿಂತಿತು.

ಅಂದು ಕೊಡಲೇಬೇಕಾಗಿದ್ದ ಅಕ್ಕಿಯನ್ನು ಇಂದು ಜನ ಮನಸಾರೆ ಕೊಡುತ್ತಿದ್ದಾರೆ. ಅಜ್ಜ ತಲೆತಗ್ಗಿಸಿ ಅಳೆದು ಬರುತ್ತಿದ್ದ ಅಂಗಳಕ್ಕೆ ಮೊಮ್ಮಗ ಚೆಂಡೆ ಬಾರಿಸುತ್ತ ಮೂಟೆ ತರುತ್ತಾನೆ. ಎಷ್ಟು ಕೊಡಬೇಕೆಂದು ಯಾರೂ ಹೇಳುವುದಿಲ್ಲ, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಕಾಣಿಕೆಯ ಈ ಘನತೆಯನ್ನು ಗೌರವದಿಂದ ನೋಡಬೇಕಾದ್ದು ಅದಕ್ಕಾಗಿಯೇ.

ಕೊಡುವವರ ಬಳಗವೂ ದೊಡ್ಡದು. ಕುಂದಾಪುರ, ಕಾರ್ಕಳ, ಕಾಪು ಭಾಗದ ಹಳ್ಳಿಗಳು, ಮಲ್ಪೆಯ ಮೀನುಗಾರರು, ಸಹಕಾರ ಸಂಘಗಳು, ಆಟೋ ಚಾಲಕರು, ಮಹಿಳಾ ಮಂಡಲಗಳು, ವರ್ತಕರು ತಮಗೆ ಗೊತ್ತುಮಾಡಿದ ದಿನ ಹೊರೆ ಹೊತ್ತು ಬರುತ್ತಾರೆ. ಹಿಂದಿನ ಪರ್ಯಾಯಗಳಲ್ಲಿ ಮುಸ್ಲಿಂ, ಕ್ರೈಸ್ತ ಸಮುದಾಯದವರೂ ಹೊರೆಕಾಣಿಕೆ ಸಲ್ಲಿಸಿದ್ದಾರೆ.

ಕಟಪಾಡಿ ಬಳಿಯ ಮಟ್ಟು ಗ್ರಾಮದ ಹೊರೆಯನ್ನಂತೂ ದೂರದಿಂದಲೇ ಗುರುತಿಸಬಹುದು. ತೆಳು ಹಸಿರು ಬಣ್ಣದ, ತೆಳ್ಳನೆ ಸಿಪ್ಪೆಯ, ತೊಟ್ಟಿನ ಮೇಲೆ ಸಣ್ಣ ಮುಳ್ಳಿರುವ ದುಂಡನೆಯ ಬದನೆ ಮಟ್ಟುಗುಳ್ಳ ಅದರ ಗುರುತು. ಬೀಜವನ್ನು ವಾದಿರಾಜರೇ ಕೊಟ್ಟರೆಂದು ಊರವರು ನಂಬುತ್ತಾರೆ, ಮೊದಲ ಬೆಳೆಯನ್ನು ಕೃಷ್ಣನಿಗೆ ಒಪ್ಪಿಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲಿ ನೆಟ್ಟ ಗುಳ್ಳ ಪರ್ಯಾಯದ ಹೊತ್ತಿಗೆ ಕೊಯ್ಲಿಗೆ ಬಂದಿರುತ್ತದೆ. ಗುಳ್ಳದ ಹುಳಿ ಬಡಿಸದಿದ್ದರೆ ಉಡುಪಿಯವರಿಗೆ ಪರ್ಯಾಯದ ಊಟ ಪೂರ್ತಿಯಾದಂತೆ ಅನಿಸುವುದಿಲ್ಲ.

ಹಳ್ಳಿಯ ಬ್ರಹ್ಮಕಲಶದಲ್ಲಿ

ಪರ್ಯಾಯದ ಹೊರೆಕಾಣಿಕೆಗೆ ಪತ್ರಿಕೆಗಳಲ್ಲಿ ಪುಟ ಸಿಗುತ್ತದೆ. ಈ ಪದ್ಧತಿಯ ಒಳಗುಟ್ಟು ತಿಳಿಯಬೇಕಾದರೆ ಮಾತ್ರ ಹಳ್ಳಿಯ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೋಗಬೇಕು. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ, ಅಥವಾ ಜೀರ್ಣೋದ್ಧಾರ ಮುಗಿದಾಗ ದೇವರಿಗೆ ಕಲಶಾಭಿಷೇಕ ಮಾಡುವ ಈ ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಮೊದಲ ದಿನದ ಕಾರ್ಯಕ್ರಮವಾಗಿ ಹಸಿರುವಾಣಿ ಹೊರೆಕಾಣಿಕೆ ಮೆರವಣಿಗೆ ಅಚ್ಚಾಗಿರುತ್ತದೆ. ತಿಂಗಳುಗಳ ಮೊದಲೇ ಬೈಲುವಾರು ಸಮಿತಿಗಳಾಗುತ್ತವೆ. ಸಂಜೆ ಕೆಲಸ ಮುಗಿಸಿ ಬಂದ ನಾಲ್ಕಾರು ಮಂದಿ ಮನೆಮನೆಗೆ ಹೋಗಿ ಪತ್ರಿಕೆ ಕೊಟ್ಟು, ಚಾವಡಿಯಲ್ಲಿ ಕೂತು ಮಾತಾಡುತ್ತಾರೆ. ‘ನಿಮ್ಮಲ್ಲಿ ಈ ಸಲ ಗೆಡ್ಡೆ ಒಳ್ಳೇದುಂಟಲ್ಲ ಅಣ್ಣ?’ ಎಂದರೆ ಸಾಕು, ‘ಅದು ದೇವಸ್ಥಾನಕ್ಕೇ ಇಟ್ಟದ್ದು ಮಾರಾಯ್ರೆ’ ಎಂಬ ಉತ್ತರ ಬರುತ್ತದೆ.

ಏನು ಯಾವಾಗ ಬರಬೇಕೆಂಬುದಕ್ಕೆ ಅನುಭವದಿಂದ ಹುಟ್ಟಿದ ಲೆಕ್ಕವಿದೆ. ಊಟಕ್ಕೂ ಮೊದಲು ಕೆಲವು ದಿನ ಉಗ್ರಾಣದಲ್ಲಿ ಉಳಿಯಬೇಕಾದ್ದರಿಂದ ಮೊದಲ ಸರದಿಯಲ್ಲಿ ಬೂದುಗುಂಬಳ, ಸಿಹಿಗುಂಬಳ, ಸುವರ್ಣಗೆಡ್ಡೆ, ಬಲಿತ ಸೌತೆಯೇ ಹೆಚ್ಚು. ಬಾಳೆಗೊನೆಯನ್ನು ಹಣ್ಣಾಗುವ ದಿನ ನೋಡಿ ಕಡಿಯುತ್ತಾರೆ. ಬೆಂಡೆ, ಅಲಸಂದೆ, ಹರಿವೆ ಸೊಪ್ಪು ಬಾಡುವ ಸರಕಾದ್ದರಿಂದ ಹಿಂದಿನ ದಿನ ಬಂದರಾಯಿತು. ಬಾಳೆಲೆ ಎಲ್ಲಕ್ಕಿಂತ ಕೊನೆಗೆ. ಬೇಳೆ, ಮೆಣಸು, ಸಾಸಿವೆಯಂತಹ ಊರಲ್ಲಿ ಬೆಳೆಯದ ಸಾಮಾನನ್ನು ಪೇಟೆಯ ವರ್ತಕರು ವಹಿಸಿಕೊಳ್ಳುತ್ತಾರೆ.

ಉಗ್ರಾಣದ ಬಾಗಿಲಲ್ಲಿ ಒಂದು ಗಂಟೆ ನಿಂತರೆ ಈ ಪದ್ಧತಿಯ ಮನಸ್ಸು ತಿಳಿಯುತ್ತದೆ. ಉದ್ದನೆಯ ಪುಸ್ತಕ ಬಿಚ್ಚಿಟ್ಟುಕೊಂಡು ಕೂತವರು, ಹೆಚ್ಚಾಗಿ ಊರ ಶಾಲೆಯ ನಿವೃತ್ತ ಮಾಸ್ತರರೋ ಸೊಸೈಟಿಯಲ್ಲಿ ಲೆಕ್ಕ ಬರೆದವರೋ, ಬಂದದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. 10 ಕ್ವಿಂಟಾಲ್ ಅಕ್ಕಿಗೆ ಒಂದು ಸಾಲು, ಅಜ್ಜಿಯೊಬ್ಬರು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಎರಡು ತೆಂಗಿನಕಾಯಿಗೂ ಒಂದು ಸಾಲು. ಹೆಸರು ಕೇಳಿ, ಬರೆದು, ಪ್ರಸಾದ ಕೊಟ್ಟು, ‘ಊಟಕ್ಕೆ ಬನ್ನಿ’ ಎನ್ನುವ ಮಾತು ಇಬ್ಬರಿಗೂ ಒಂದೇ. ಹಣದ ದೇಣಿಗೆಯಲ್ಲಿ ದೊಡ್ಡ ಮೊತ್ತದ ಹೆಸರು ಶಿಲಾಫಲಕದ ಮೇಲುಸಾಲಿಗೆ ಏರುತ್ತದೆ. ಅಜ್ಜಿಯ ಕಾಯಿ ರಾಶಿಯಲ್ಲಿ ಬಿದ್ದ ಮೇಲೆ ಯಾವುದು ಯಾರದೆಂದು ಹೇಳಲು ಬಾರದು. ಕಾಯಿಹಾಲಿನ ಪಾಯಸಕ್ಕೆ ಅದೂ ಸೇರಿರುತ್ತದೆ.

ಕೊಡಲು ವಸ್ತುವಿಲ್ಲದವರಿಗೂ ಇಲ್ಲಿ ಪಾಲಿದೆ. ಚಪ್ಪರಕ್ಕೆ ಮಡಲು ಹೆಣೆಯಬಹುದು, ಅಂಗಳ ಗುಡಿಸಬಹುದು, ಪಾತ್ರೆ ತೊಳೆಯಬಹುದು. ಇದಕ್ಕೆ ಕರಸೇವೆಯೆನ್ನುತ್ತಾರೆ. ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಹತ್ತಾರು ಮೆಟ್ಟುಕತ್ತಿಗಳು ಸಾಲಾಗಿ ಕೂರುತ್ತವೆ. ಕುಂಬಳಕಾಯಿ ಹೋಳಿನ ಗಾತ್ರ ಎಷ್ಟಿರಬೇಕೆಂದು ಅಡುಗೆ ಭಟ್ಟರು ಒಂದು ತುಂಡನ್ನು ಕೈಯಲ್ಲಿ ಹಿಡಿದು ತೋರಿಸಿ ಹೋಗುತ್ತಾರೆ. ಬ್ಯಾಂಕ್ ಮ್ಯಾನೇಜರರೂ ಬೀಡಿ ಕಟ್ಟುವ ಅಕ್ಕನೂ ಅದೇ ಅಳತೆಯಲ್ಲಿ ಹೆಚ್ಚುತ್ತಾರೆ. ಮುಂಬಯಿಯಲ್ಲಿ ಹೋಟೆಲು ನಡೆಸುವವರು, ಕೊಲ್ಲಿ ದೇಶಗಳಲ್ಲಿ ದುಡಿಯುವವರು ರಜೆ ಹೊಂದಿಸಿಕೊಂಡು ಊರಿಗೆ ಬರುವುದೂ ಇಂಥ ದಿನಗಳಿಗಾಗಿಯೇ.

ಕೊಟ್ಟವರೇ ಉಣ್ಣುವ ಪಂಕ್ತಿ

ಲೋಕದ ಹಲವೆಡೆ ಹಬ್ಬದ ಮುನ್ನ ದಾನ ಸಂಗ್ರಹ ನಡೆಯುತ್ತದೆ. ಅದರಲ್ಲಿ ಸಾಮಾನ್ಯವಾಗಿ ಉಳ್ಳವರು ಕೊಡುತ್ತಾರೆ, ಇಲ್ಲದವರು ಪಡೆಯುತ್ತಾರೆ. ಪಡೆಯುವವರ ಮನಸ್ಸಿಗೆ ಸಣ್ಣದೊಂದು ಸಂಕೋಚ ಅಂಟಿಕೊಂಡಿರುತ್ತದೆ. ಹೊರೆಕಾಣಿಕೆಯಲ್ಲಿ ಕೊಟ್ಟ ಅಕ್ಕಿ ಒಮ್ಮೆ ಉಗ್ರಾಣ ಸೇರಿದರೆ ದೇವರದಾಗುತ್ತದೆ, ಅನ್ನವಾಗಿ ಹೊರಬಂದಾಗ ಎಲ್ಲರದಾಗುತ್ತದೆ. ಲಾರಿಗಟ್ಟಲೆ ಕೊಟ್ಟವರೂ ಏನೂ ಕೊಡಲಾಗದವರೂ ಎಲೆಯ ಮುಂದೆ ಅತಿಥಿಗಳೇ. ಹಸಿದವನು ಅಲ್ಲಿ ಯಾರಿಗೂ ಋಣಿಯಾಗದೆ ಹೊಟ್ಟೆ ತುಂಬ ಉಣ್ಣಬಲ್ಲ. ದಾನವನ್ನು ದಾನವೆನಿಸದಂತೆ ಮಾಡುವುದೇ ಈ ಪದ್ಧತಿಯ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

ಹಾಗೆಂದೇ ಈ ಆಶಯಕ್ಕೆ ಕುಂದು ತರುವ ಸಂಗತಿಗಳ ಬಗ್ಗೆಯೂ ಮಾತಾಡಬೇಕು. ಎಲ್ಲ ಜಾತಿಯವರು ತಂದ ಅಕ್ಕಿ ಒಂದೇ ಕೊಪ್ಪರಿಗೆಯಲ್ಲಿ ಬೆಂದ ಮೇಲೆ ಉಣ್ಣುವ ಪಂಕ್ತಿ ಮಾತ್ರ ಬೇರೆಯಾಗುವುದು ಸರಿಯೇ ಎಂಬ ಪ್ರಶ್ನೆ ಕರಾವಳಿಯಲ್ಲಿ ಹಲವು ಸಲ ಎದ್ದಿದೆ. ಪಂಕ್ತಿಭೇದದ ವಿರುದ್ಧ ಉಡುಪಿಯಲ್ಲೂ ಪ್ರತಿಭಟನೆಗಳಾಗಿವೆ. ಹೊರೆಕಾಣಿಕೆಯ ನ್ಯಾಯ ಒಪ್ಪುವವರು ಈ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಹೊರೆ ಎಲ್ಲರದಾದರೆ ಪಂಕ್ತಿಯೂ ಎಲ್ಲರದೇ ಆಗಬೇಕು. ಜೊತೆಗೆ, ವಾಹನಗಳ ಸಂಖ್ಯೆಯಲ್ಲಿ, ಬ್ಯಾನರಿನ ಅಳತೆಯಲ್ಲಿ ಊರೂರಿನ ನಡುವೆ ಪೈಪೋಟಿ ಬೆಳೆಯುತ್ತಿದೆ. ಮೆರವಣಿಗೆಯ ಖರ್ಚು ಹೊರೆಯ ಬೆಲೆಯನ್ನು ಮೀರಿದರೆ ಅಜ್ಜಿಯ ಎರಡು ಕಾಯಿಗೆ ಹಿಂಜರಿಕೆ ಶುರುವಾಗುತ್ತದೆ.

ಇನ್ನೊಂದು ಚಿಂತೆ ಗದ್ದೆಯದು. ಕೂಲಿಯಾಳು ಸಿಗದೆ, ಗದ್ದೆ ಉಳುಮೆಯಿಲ್ಲದೆ ಹಡಿಲು ಬಿದ್ದು, ಕೆಲವೆಡೆ ಅಡಿಕೆ ತೋಟವಾಗಿ, ಮತ್ತೆ ಕೆಲವೆಡೆ ನಿವೇಶನವಾಗಿ ಕರಾವಳಿಯಲ್ಲಿ ಭತ್ತದ ಬೇಸಾಯ ಕುಗ್ಗಿದೆ. ಹೊರೆಯಲ್ಲಿ ಈಗ ಬರುವ ಅಕ್ಕಿಯಲ್ಲಿ ಅಂಗಡಿಯ ಚೀಲಗಳೇ ಜಾಸ್ತಿ. ಹಡಿಲು ಬಿದ್ದ ಗದ್ದೆಯನ್ನು ಯುವಕ ಮಂಡಲಗಳು, ಶಾಲೆಗಳು ಸೇರಿ ಮತ್ತೆ ಉಳುವ ಪ್ರಯತ್ನಗಳು ಅಲ್ಲಲ್ಲಿ ನಡೆದಿವೆ. ಅಂಥ ಗದ್ದೆಯಲ್ಲಿ ಮಕ್ಕಳು ನೆಟ್ಟು ಕೊಯ್ದ ಒಂದು ಮುಡಿ ಅಕ್ಕಿ ಮೆರವಣಿಗೆಯ ಮುಂದೆ ಸಾಗಿದರೆ ಅದಕ್ಕಿಂತ ಚೆಂದದ ಸ್ತಬ್ಧಚಿತ್ರ ಬೇರೆ ಬೇಕಿಲ್ಲ.

ಸೋದೆ ಮಠದ ಪರ್ಯಾಯ 2028ರ ಜನವರಿಗೆ ಬರುತ್ತದೆ. ಅಷ್ಟರೊಳಗೆ ಕರಾವಳಿಯ ಹಳ್ಳಿಗಳಲ್ಲಿ ಎಷ್ಟೋ ಬ್ರಹ್ಮಕಲಶಗಳು ನಡೆಯಲಿವೆ. ಘಟ್ಟದ ಮೇಲಿನ ಊರುಗಳೂ ಈ ಕ್ರಮವನ್ನು ತಮ್ಮದಾಗಿಸಿಕೊಳ್ಳಬಹುದು. ಗಣೇಶೋತ್ಸವಕ್ಕೋ ಊರ ಜಾತ್ರೆಗೋ ಶಾಲೆಯ ಶತಮಾನೋತ್ಸವಕ್ಕೋ ರಸೀದಿ ಪುಸ್ತಕ ಹಿಡಿದು ಹೊರಡುವ ಮೊದಲು, ಯಾರ ಹಿತ್ತಲಲ್ಲಿ ಏನು ಬೆಳೆದಿದೆ, ಯಾರ ಕೈಗೆ ಯಾವ ಕೆಲಸ ಬರುತ್ತದೆ ಎಂದು ಪಟ್ಟಿ ಮಾಡಲಿ. ಅಡುಗೆಗೆ ಬೇಕಾದ ಸಾಮಾನನ್ನು ಬೋರ್ಡಿನಲ್ಲಿ ಬರೆದು ಹಾಕಲಿ. ಉಳಿದದ್ದು ಯಾವ ಹಾಸ್ಟೆಲಿಗೆ, ಯಾವ ಆಶ್ರಮಕ್ಕೆ ಎಂದೂ ಮೊದಲೇ ಗೊತ್ತುಮಾಡಲಿ. ಹತ್ತು ರೂಪಾಯಿ ಚಂದಾ ಕೊಟ್ಟವರು ಹಬ್ಬ ನೋಡಲು ಬರುತ್ತಾರೆ. ಹಿತ್ತಲ ಕುಂಬಳಕಾಯಿ ಕೊಟ್ಟವರು ಹಬ್ಬ ಮಾಡಲು ಬರುತ್ತಾರೆ. ಊರಿಗೆ ಬೇಕಾಗಿರುವುದು ಎರಡನೆಯವರು.