ನಕ್ಷತ್ರಪಟ್ಟಿಯನ್ನು ಕಣ್ಣಿನಿಂದ ಓದುವ ಬಗೆ

ನಕ್ಷತ್ರಗಳ ಪಟ್ಟಿಯೊಂದನ್ನು ತೆರೆದರೆ ಕಾಣುವುದು ಬರಿಯ ಅಂಕಿಗಳು. ಒಂದೊಂದು ಸಾಲೂ ಒಂದೊಂದು ತಾರೆ. ಸ್ಥಾನ, ಕಾಂತಿ, ಬಣ್ಣ, ದೂರ, ಚಲನೆ ಇವು ಅಂಕಣಗಳು. 1997ರಲ್ಲಿ ಪ್ರಕಟವಾದ ಹಿಪ್ಪಾರ್ಕಸ್ ಉಪಗ್ರಹದ ಪಟ್ಟಿಯಲ್ಲಿ ಇಂಥ 1,18,218 ಸಾಲುಗಳಿವೆ. ಬ್ಯಾಂಕಿನ ಖಾತೆಪುಸ್ತಕವಾಗಿದ್ದರೆ ಮೊತ್ತ ಹಾಕಿ ಮುಚ್ಚಿಡಬಹುದಿತ್ತು. ಇಲ್ಲಿ ಮೊತ್ತದಿಂದ ತಿಳಿಯುವುದೇನೂ ಇಲ್ಲ, ಅಂಕಣಗಳ ಪರಸ್ಪರ ಸಂಬಂಧವೇ ಮುಖ್ಯ. ಎರಡು ಅಂಕಣಗಳನ್ನು ಕಾಗದದ ಮೇಲೆ ಬಿಂದುಗಳಾಗಿ ಗುರುತಿಸಬಹುದು. ಮೂರನೆಯದಕ್ಕೇ ಎಡೆ ಸಾಲದು. ಏಳೆಂಟರ ಮಾತು ದೂರವೇ ಉಳಿಯಿತು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿಯೂ ಅವರ ಸಂಗಡಿಗರೂ 1970ರ ದಶಕದ ಆದಿಯಲ್ಲಿ ಒಂಬತ್ತು ಅಂಕಣಗಳನ್ನು ಯಂತ್ರದ ತೆರೆಯ ಮೇಲೆ ತಿರುಗಿಸಿ ನೋಡುವ ‘ಪ್ರಿಮ್-9’ ಎಂಬ ಸಾಧನವನ್ನು ರಚಿಸಿದರು. ಆ ಪರಂಪರೆಗೆ ಪುಣೆಯ ಕಾಣಿಕೆ ‘ವಿಓಪ್ಲಾಟ್’. ಜಯಂತ ನಾರಳೀಕರರು ಸ್ಥಾಪಕ ನಿರ್ದೇಶಕರಾಗಿ 1988ರಲ್ಲಿ ಕಟ್ಟಿದ ಐಯುಕಾ ಸಂಸ್ಥೆ ಮತ್ತು ಅದೇ ಊರಿನ ಪರ್ಸಿಸ್ಟೆಂಟ್ ಸಿಸ್ಟಮ್ಸ್ ಕಂಪನಿ ಕೂಡಿ ಈ ಶತಮಾನದ ಮೊದಲ ದಶಕದಲ್ಲಿ ಈ ತಂತ್ರಾಂಶವನ್ನು ಸಿದ್ಧಪಡಿಸಿದವು. ದೊಡ್ಡ ದೂರದರ್ಶಕವಿಲ್ಲದ ಕಾಲೇಜಿನ ಅಧ್ಯಾಪಕನೂ ಅನ್ಯರು ಅಳೆದ ಆಕಾಶವನ್ನು ತಾನೇ ಪರೀಕ್ಷಿಸಬಹುದಾದುದು ಇಂಥ ಸಾಧನಗಳ ನಿಜವಾದ ಹಿರಿಮೆ.

ವೃಷಭರಾಶಿಯ ರೋಹಿಣಿಯನ್ನೇ ನೋಡೋಣ. ಬರಿಗಣ್ಣಿಗೆ ಅದು ಹೈಯಡೀಸ್ ಎಂಬ ತಾರಾಗುಚ್ಛದ ನಡುವೆಯೇ ಇರುವಂತೆ ತೋರುವುದು. ಸ್ಥಾನದ ಎರಡು ಅಂಕಣಗಳನ್ನು ಮಾತ್ರ ಚಿತ್ರಿಸಿದರೂ ಅದೇ ಭ್ರಮೆ. ಬಣ್ಣವೂ ನಿರ್ಣಾಯಕವಲ್ಲ, ಏಕೆಂದರೆ ಆ ಗುಚ್ಛದಲ್ಲಿಯೂ ರೋಹಿಣಿಯಂತಹ ದೈತ್ಯತಾರೆಗಳುಂಟು. ಆದರೆ ಆ ಬಿಂದುಗಳ ಸುತ್ತ ಒಂದು ಗೆರೆಯೆಳೆದು ಆಯ್ದು, ಅವುಗಳನ್ನೇ ದೂರದ ಅಂಕಣದ ಮೇಲೆ ಬಿಡಿಸಿದೊಡನೆ ಗುಚ್ಛದ ತಾರೆಗಳು ಸುಮಾರು 150 ಜ್ಯೋತಿರ್ವರ್ಷಗಳ ಬಳಿ ಒತ್ತೊತ್ತಾಗಿ ನಿಲ್ಲುತ್ತವೆ. ರೋಹಿಣಿ ಸುಮಾರು 65ರಲ್ಲಿ ಒಂಟಿಯಾಗಿ ಈಚೆಗೆ ಬರುತ್ತದೆ. ಚಲನೆಯ ಅಂಕಣಗಳಲ್ಲಿಯೂ ಅದು ಗುಂಪಿಗೆ ಸೇರದು. ತಲತಲಾಂತರದಿಂದ ಒಂದೇ ಮನೆಯವರೆಂದು ಕಂಡವರು ಬೇರೆ ಬೇರೆ ಊರಿನವರೆಂಬುದು ಹೀಗೆ ಕ್ಷಣದಲ್ಲಿ ತಿಳಿಯುತ್ತದೆ.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಮಾತ್ರ ನೋಡುವವನ ವಿವೇಚನೆಗೆ ಬಿಟ್ಟದ್ದು. ಇಷ್ಟವಾದ ಬಿಂದುಗಳನ್ನಷ್ಟೇ ಆಯ್ದರೆ ಇಷ್ಟವಾದ ಉತ್ತರವೇ ಬರುವುದು. ಆದುದರಿಂದ ಕಣ್ಣು ಊಹಿಸಿದ್ದನ್ನು ಗಣಿತದಿಂದ ತಾಳೆ ನೋಡುವುದು ಅವಶ್ಯಕ. ಪಟ್ಟಿಗಳು ಬೆಳೆದಂತೆ ಇನ್ನೊಂದು ತೊಡಕೂ ಬಂದಿದೆ: 2018ರಲ್ಲಿ ಗಯಾ ಉಪಗ್ರಹದ ಎರಡನೆಯ ಪ್ರಕಟಣೆ 130 ಕೋಟಿಗೂ ಮಿಕ್ಕ ತಾರೆಗಳ ಸ್ಥಾನವನ್ನೂ ದೃಗ್ಭೇದವನ್ನೂ ಕೊಟ್ಟಿತು. ಅಷ್ಟು ಬಿಂದುಗಳನ್ನು ತೆರೆಯ ಮೇಲಿಟ್ಟರೆ ಉಳಿಯುವುದು ಮಸಿಯ ಕಲೆಯೊಂದೇ. ಹಾಗಾಗಿ ತೆರೆಯನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದಲ್ಲಿ ಎಷ್ಟು ತಾರೆಗಳಿವೆಯೆಂಬುದನ್ನು ಬಣ್ಣದ ಗಾಢತೆಯಿಂದ ಸೂಚಿಸುತ್ತಾರೆ.