ಗಲ್ಫಿನಿಂದ ಕೊನೆಯ ಪಯಣ: ಲೆಕ್ಕ, ಕಾಗದ, ವಿದಾಯ

ವಿದೇಶಕ್ಕೆ ಹೋಗುವ ಬಗ್ಗೆ ನಮ್ಮಲ್ಲಿ ಮಾತು ಬಹಳ. ಪಾಸ್‌ಪೋರ್ಟ್ ಹೇಗೆ ಮಾಡಿಸಬೇಕು, ಮೆಡಿಕಲ್ ಎಲ್ಲಿ, ಏಜೆಂಟರಲ್ಲಿ ಯಾರನ್ನು ನಂಬಬಹುದು ಎಂದು ಹೇಳಬಲ್ಲವರು ಓಣಿಗೊಬ್ಬರಾದರೂ ಸಿಗುತ್ತಾರೆ. ಭಟ್ಕಳದಂಥ ಕರಾವಳಿ ಊರುಗಳಲ್ಲಿ ಇದು ಮನೆಮಾತು. ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಮುಂಡಗೋಡದಲ್ಲೂ ಅಬ್ಬಾ, ಅಣ್ಣ, ಮಾಮು ಎಂದು ಯಾರಾದರೊಬ್ಬರು ಸೌದಿಯಲ್ಲೋ ದುಬೈಯಲ್ಲೋ ಇರುವ ಮನೆಗಳಿವೆ. ಆದರೆ ಅಲ್ಲಿಯ ದುಡಿಮೆ ಮುಗಿಸಿ ಕಾಯಂ ಆಗಿ ಮರಳುವುದು ಹೇಗೆ ಎಂದು ಕೇಳಿದರೆ, "ಟಿಕೆಟ್ ತೆಗೆಸಿ ಬಂದುಬಿಡುವುದು, ಮತ್ತೇನು?" ಎನ್ನುತ್ತಾರೆ.

ವಿಷಯ ಅಷ್ಟು ಸರಳವಲ್ಲ. ಹತ್ತು ಹದಿನೈದು ವರ್ಷದ ದುಡಿಮೆಯ ಕೊನೆಯ ಹಣ ಕೈಗೆ ಬರುವುದೋ ಇಲ್ಲವೋ ಎಂಬುದು ಆ ಕೊನೆಯ ಎರಡು ತಿಂಗಳಲ್ಲಿ ತೀರ್ಮಾನವಾಗುತ್ತದೆ. ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳಾದ ನಮಗೆ ಇದು ತಿಳಿದಿದ್ದರೆ ಹಿರಿಯರಿಗೆ ಆಸರೆಯಾಗುತ್ತದೆ.

ಎಕ್ಸಿಟ್ ಎಂದರೆ ಏನು?

ಸೌದಿ ಅರೇಬಿಯಾದಿಂದ ರಜೆಗೆ ಬರುವವರು ಎಕ್ಸಿಟ್ ರೀ-ಎಂಟ್ರಿ ಮೇಲೆ ಬರುತ್ತಾರೆ. ಅಂದರೆ ಅವರ ಇಕಾಮಾ ಜೀವಂತವಾಗಿರುತ್ತದೆ, ಮರಳಿ ಹೋಗುವ ಬಾಗಿಲು ತೆರೆದಿರುತ್ತದೆ. ಕಾಯಂ ಆಗಿ ಬರುವವರಿಗೆ ಬೇಕಾದದ್ದು ಫೈನಲ್ ಎಕ್ಸಿಟ್. ಅರಬ್ಬಿಯಲ್ಲಿ ಇದನ್ನು 'ಖುರೂಜ್ ನಿಹಾಯಿ' ಎನ್ನುತ್ತಾರೆ. ಇದು ಸಿಕ್ಕ 60 ದಿನದೊಳಗೆ ದೇಶ ಬಿಡಬೇಕು. ಬಿಡದಿದ್ದರೆ ಅದನ್ನು ರದ್ದುಮಾಡಿಸಿ ದಂಡ ಕಟ್ಟಬೇಕಾಗುತ್ತದೆ. ಹೆಸರಿನಲ್ಲಿ ವಾಹನವಿದ್ದರೆ, ಟ್ರಾಫಿಕ್ ದಂಡ ಬಾಕಿ ಇದ್ದರೆ ಎಕ್ಸಿಟ್ ಆಗುವುದಿಲ್ಲ. ಹಾಗಾಗಿ ಕಾರನ್ನು ಮೊದಲೇ ಮಾರಿ ವರ್ಗಾಯಿಸಬೇಕು.

ಹಿಂದೆ ಕಫೀಲ್ ಒಪ್ಪದೆ ಯಾರೂ ದೇಶ ಬಿಡುವಂತಿರಲಿಲ್ಲ. 2021ರ ಮಾರ್ಚ್ 14ರಿಂದ ಸೌದಿ ಸರಕಾರ ಈ ನಿಯಮ ಸಡಿಲಿಸಿತು. ಕಂಪನಿಗಳಲ್ಲಿ ದುಡಿಯುವ ಅನೇಕರು ಈಗ ತಾವೇ ಆನ್‌ಲೈನ್‌ನಲ್ಲಿ ಎಕ್ಸಿಟ್‌ಗೆ ಅರ್ಜಿ ಹಾಕಬಹುದು. ಆದರೆ ಮನೆಗೆಲಸದವರು, ಮನೆಯ ಡ್ರೈವರ್‌ಗಳು, ತೋಟದವರು, ಕುರಿ ಕಾಯುವವರು ಆ ಸುಧಾರಣೆಯ ಹೊರಗೇ ಉಳಿದರು. ನಮ್ಮ ಕಡೆಯಿಂದ ಹೌಸ್ ಡ್ರೈವರ್ ವೀಸಾದ ಮೇಲೆ ಹೋಗುವವರು ಇದನ್ನು ಹೋಗುವ ಮೊದಲೇ ತಿಳಿದಿರಬೇಕು. ಕತಾರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ ತೆಗೆದುಹಾಕಿತು, 2020ರಲ್ಲಿ ಉಳಿದ ಬಹುತೇಕರಿಗೂ ಅದನ್ನು ವಿಸ್ತರಿಸಿತು.

ಸರ್ವಿಸ್ ಹಣದ ಲೆಕ್ಕ

ಕೆಲಸ ಬಿಡುವಾಗ ಸಿಗುವ ಸೇವಾಂತ್ಯದ ಹಣ ಕಂಪನಿ ಕೊಡುವ ಇನಾಮು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಕಾನೂನಿನ ಹಕ್ಕು. ಲೆಕ್ಕ ನಮ್ಮ ಕಾಮರ್ಸ್ ವಿದ್ಯಾರ್ಥಿಗಳಿಗೆ ಐದು ನಿಮಿಷದ ಕೆಲಸ.

ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ 5 ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಅನಂತರದ ಪ್ರತಿ ವರ್ಷಕ್ಕೆ ಪೂರ್ತಿ ಒಂದು ತಿಂಗಳ ಸಂಬಳ. ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕಬೇಕು. ಉದಾಹರಣೆಗೆ, ಒಬ್ಬರು 8 ವರ್ಷ ದುಡಿದಿದ್ದಾರೆ, ಕೊನೆಯ ಸಂಬಳ 2,000 ರಿಯಾಲ್ ಎಂದುಕೊಳ್ಳೋಣ. ಮೊದಲ 5 ವರ್ಷಕ್ಕೆ 5,000, ಉಳಿದ 3 ವರ್ಷಕ್ಕೆ 6,000, ಒಟ್ಟು 11,000 ರಿಯಾಲ್.

ಇಲ್ಲಿ ಒಂದು ಮುಖ್ಯ ತಿರುವಿದೆ. ಕಂಪನಿ ತಾನೇ ಕೆಲಸದಿಂದ ಬಿಟ್ಟರೆ ಅಥವಾ ಕರಾರಿನ ಅವಧಿ ಮುಗಿದರೆ ಪೂರ್ತಿ ಹಣ. ಕೆಲಸಗಾರರು ತಾವಾಗಿ ರಾಜೀನಾಮೆ ಕೊಟ್ಟರೆ 2 ವರ್ಷದೊಳಗೆ ಏನೂ ಇಲ್ಲ, 2ರಿಂದ 5 ವರ್ಷದವರೆಗೆ ಮೂರನೇ ಒಂದು ಭಾಗ, 5ರಿಂದ 10 ವರ್ಷದವರೆಗೆ ಮೂರನೇ ಎರಡು ಭಾಗ, 10 ವರ್ಷ ತುಂಬಿದ್ದರೆ ಪೂರ್ತಿ. ಮೇಲಿನ ಉದಾಹರಣೆಯಲ್ಲಿ ರಾಜೀನಾಮೆ ಕೊಟ್ಟವರಿಗೆ ಬರುವುದು ಸುಮಾರು 7,333 ರಿಯಾಲ್. ಆದ್ದರಿಂದ ಒಂಬತ್ತೂವರೆ ವರ್ಷಕ್ಕೆ ಬೇಸರಗೊಂಡು ಕಾಗದ ಕೊಡುವವರು ಇನ್ನಾರು ತಿಂಗಳು ತಾಳಿದರೆ ಆಗುವ ಲಾಭ ಸಣ್ಣದಲ್ಲ.

ಯುಎಇಯಲ್ಲಿ ಮೂಲ ವೇತನದ ಮೇಲೆ ಲೆಕ್ಕ: ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನ, ಅನಂತರ ವರ್ಷಕ್ಕೆ 30 ದಿನದ್ದು. ಮೂಲ ವೇತನ 1,500 ದಿರ್ಹಮ್ ಇದ್ದವರಿಗೆ 8 ವರ್ಷಕ್ಕೆ 9,750 ದಿರ್ಹಮ್ ಆಗುತ್ತದೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ರಾಜೀನಾಮೆ ಕೊಟ್ಟರೆ ಕಡಿತ ಎಂಬ ನಿಯಮ ಹೋಗಿದೆ. ಕೆಲಸ ಮುಗಿದ 14 ದಿನದೊಳಗೆ ಹಣ ಕೊಡಬೇಕು.

ಎಲ್ಲ ಕಡೆಯೂ ಒಂದು ಎಚ್ಚರ: "ನನ್ನ ಎಲ್ಲ ಬಾಕಿ ಸಂದಿದೆ" ಎಂಬ ಕಾಗದಕ್ಕೆ ಹಣ ಖಾತೆಗೆ ಬರುವ ಮೊದಲು ಸಹಿ ಮಾಡಬಾರದು. ಆ ಕಾಗದ ಸಾಮಾನ್ಯವಾಗಿ ಅರಬ್ಬಿಯಲ್ಲಿರುತ್ತದೆ. ಇಂದು ಫೋನಿನ ಕ್ಯಾಮೆರಾ ಹಿಡಿದರೆ ಅನುವಾದ ಸಿಗುತ್ತದೆ. ಓದದೆ ಸಹಿ ಹಾಕುವ ಕಾಲ ಮುಗಿಯಿತು. ತಕರಾರು ಬಂದರೆ ಭಾರತೀಯ ರಾಯಭಾರ ಕಚೇರಿಗೆ ದೂರು ಕೊಡಬಹುದು. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಸಾಲ ಬಿಟ್ಟು ಬಂದರೆ?

ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಬಿಟ್ಟು ವಿಮಾನ ಹತ್ತಿದರೆ ಮುಗಿಯಿತು ಎಂಬ ಮಾತು ಹಿಂದೆ ಚಾಲ್ತಿಯಲ್ಲಿತ್ತು. 2020ರ ಜನವರಿ 17ರಂದು ಭಾರತ ಸರಕಾರ ಹೊರಡಿಸಿದ ಅಧಿಸೂಚನೆಯಂತೆ ಯುಎಇಯ ಸಿವಿಲ್ ನ್ಯಾಯಾಲಯಗಳ ತೀರ್ಪನ್ನು ನಮ್ಮ ಜಿಲ್ಲಾ ನ್ಯಾಯಾಲಯದ ಮೂಲಕ ಜಾರಿ ಮಾಡಿಸಬಹುದು. ಅಂದರೆ ಅಲ್ಲಿಯ ಸಾಲ ಊರಿನ ಮನೆ, ಹೊಲದವರೆಗೂ ಬರಬಹುದು. ಬಾಕಿ ತೀರಿಸಿ, ತೀರಿದೆ ಎಂಬ ಪತ್ರ ತೆಗೆದುಕೊಂಡು ಬರುವುದೇ ಕ್ಷೇಮ. ಆದರೆ ಸರ್ವಿಸ್ ಹಣ ಬರುವವರೆಗೆ ಅಲ್ಲಿಯ ಬ್ಯಾಂಕ್ ಖಾತೆಯನ್ನೂ ಅದಕ್ಕೆ ಜೋಡಿಸಿದ ಸಿಮ್ಮನ್ನೂ ಮುಚ್ಚಬಾರದು. ಓಟಿಪಿ ಬರದೆ ಹಣ ಸಿಕ್ಕಿಬೀಳುತ್ತದೆ.

ತರಬೇಕಾದ ಕಾಗದಗಳು

ಕೊನೆಯ ತಿಂಗಳಲ್ಲಿ ಕಾರ್ಗೋ ಪೆಟ್ಟಿಗೆಗೆ ಹಗ್ಗ ಬಿಗಿದು ಹೆಸರು ಬರೆಯುವ ಗಡಿಬಿಡಿಯಲ್ಲಿ ಕಾಗದಗಳು ಮರೆತುಹೋಗುತ್ತವೆ. ಕಂಬಳಿ, ಟಾರ್ಚು, ಹಾಲಿನ ಪುಡಿ ಊರಿನಲ್ಲೂ ಸಿಗುತ್ತವೆ. ಇವು ಸಿಗುವುದಿಲ್ಲ:

- ಕಂಪನಿಯ ಲೆಟರ್‌ಹೆಡ್ ಮೇಲೆ, ಹುದ್ದೆ ಮತ್ತು ವರ್ಷ ನಮೂದಿಸಿದ ಅನುಭವ ಪತ್ರ
- ಕೊನೆಯ ಸಂಬಳ ಚೀಟಿಗಳು, ಸರ್ವಿಸ್ ಹಣದ ಲೆಕ್ಕದ ಪ್ರತಿ
- ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ, ಮುಂದೆ ಬೇರೆ ದೇಶಕ್ಕೆ ಹೋಗುವ ಯೋಚನೆಯಿದ್ದರೆ
- ಅಲ್ಲಿ ಹುಟ್ಟಿದ ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ಅಗತ್ಯ ದೃಢೀಕರಣದೊಂದಿಗೆ
- ಆಸ್ಪತ್ರೆಯ ದಾಖಲೆಗಳು

ಊರಿಗೆ ಬಂದು ನೆಲೆಸಿದ ಮೇಲೆ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ವಿದೇಶಿ ಹಣವನ್ನು ಹಾಗೆಯೇ ಇಡಬೇಕಿದ್ದರೆ ಆರ್‌ಎಫ್‌ಸಿ ಖಾತೆ ತೆರೆಯಬಹುದು.

ವಿದಾಯಕ್ಕೆ ಸಮಯ ಸಿಗದವರು

ಎಲ್ಲರಿಗೂ ಹೀಗೆ ಸಾವಕಾಶವಾಗಿ ಹೊರಡುವ ಭಾಗ್ಯ ಇರುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತ್ ಮೇಲೆ ದಾಳಿ ಮಾಡಿದಾಗ ಅಲ್ಲಿದ್ದ ಭಾರತೀಯರು ಕೈಗೆ ಸಿಕ್ಕಷ್ಟು ಹಿಡಿದು ಹೊರಟರು. ಬಹಳ ಜನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 1.7 ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹೀಗೆ ಬಂದವರಿಗೆ ಹಣ ಕೊಟ್ಟಾಗ, ಕುವೈತಿನಲ್ಲಿದ್ದು ಹೊರಟುಬಂದದ್ದಕ್ಕೆ ದಾಖಲೆ ಕೇಳಿತು. ಪಾಸ್‌ಪೋರ್ಟಿನ ಒಂದು ಮುದ್ರೆಗೆ ಆಗ ಬೆಲೆ ಬಂತು.

2017ರ ಜುಲೈಯಿಂದ ಸೌದಿಯಲ್ಲಿ ಕುಟುಂಬದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ಅದು ವರ್ಷಕ್ಕೆ 100ರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ, ಮೂವರು ಮಕ್ಕಳಿದ್ದವರಿಗೆ ತಿಂಗಳಿಗೆ 1,600 ರಿಯಾಲ್. ಅನೇಕರು ಮನೆಯವರನ್ನು ಊರಿಗೆ ಕಳಿಸಿ ತಾವು ಬ್ಯಾಚುಲರ್ ರೂಮಿಗೆ ಮರಳಿದರು. ನಡು ವರ್ಷದಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳಿಗೆ ಕನ್ನಡ ಅಕ್ಷರ ಹೊಸದು, ಅಜ್ಜಿಯ ಮನೆಯೂ ಹೊಸದು. ಆಮೇಲೆ ಕೊರೊನಾ. 2020ರ ಮೇ 7ರಂದು ಆರಂಭವಾದ ವಂದೇ ಭಾರತ್ ವಿಮಾನಗಳಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು, ಸಂಬಳ ಬಾಕಿ ಬಿಟ್ಟು ಬಂದವರೂ ಇದ್ದರು. ಮುಖ್ಯ ಕಾಗದಗಳ ಫೋಟೋ ತೆಗೆದು ಊರಿನ ಮನೆಯವರಿಗೆ ಕಳಿಸಿಡುವ ಅಭ್ಯಾಸ ಇಂಥ ದಿನಕ್ಕೆ ಬೇಕು.

ಜನರಿಂದ ಬೀಳ್ಕೊಡುಗೆ

ಒಂದು ರೂಮಿನಲ್ಲಿ ಆರೆಂಟು ಜನ. ಮಲಯಾಳಿ, ಬಿಹಾರಿ, ನೇಪಾಳಿ, ಪಾಕಿಸ್ತಾನಿ. ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು, ಊರಿನಲ್ಲಿ ತಾಯಿ ತೀರಿಕೊಂಡಾಗ ಟಿಕೆಟ್‌ಗೆ ಹಣ ಸೇರಿಸಿದವರು ಅವರೇ. ರಜೆಗೆ ಹೊರಟವರು "ಬರ್ತೀನಿ" ಎನ್ನುತ್ತಾರೆ. ಎಕ್ಸಿಟ್ ಮೇಲೆ ಹೊರಟವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಇವರಲ್ಲಿ ಹೆಚ್ಚಿನವರನ್ನು ಜನ್ಮದಲ್ಲಿ ಮತ್ತೆ ನೋಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ನಮ್ಮ ಹಿರಿಯರು ಇದಕ್ಕೊಂದು ಕ್ರಮ ಇಟ್ಟಿದ್ದಾರೆ. ಹೊರಡುವವರು ಒಬ್ಬೊಬ್ಬರ ಬಳಿಯೂ ಹೋಗಿ 'ಕಹಾ ಸುನಾ ಮಾಫ್ ಕರೋ' ಎನ್ನುತ್ತಾರೆ. ಆಡಿದ್ದು, ಕೇಳಿಸಿಕೊಂಡದ್ದು ಎಲ್ಲ ಮನ್ನಿಸಿ ಎಂದರ್ಥ. ಕೈಗಡ ತಂದದ್ದನ್ನು ಹಿಂತಿರುಗಿಸುತ್ತಾರೆ. ಮೆಸ್ಸಿನ ಲೆಕ್ಕ ಚುಕ್ತಾ ಮಾಡುತ್ತಾರೆ. ಯಾರೋ ಇಟ್ಟುಕೊಳ್ಳಲು ಕೊಟ್ಟ ಅಮಾನತ್ ಇದ್ದರೆ ಒಪ್ಪಿಸುತ್ತಾರೆ. ಮಂಚ, ಕುಕ್ಕರ್, ಇಸ್ತ್ರಿಪೆಟ್ಟಿಗೆ ಹೊಸದಾಗಿ ಬಂದ ಹುಡುಗನಿಗೆ ಸೇರುತ್ತವೆ. ಅಲ್ಲೇ ಮಣ್ಣಾದ ಗೆಳೆಯರಿದ್ದರೆ ಖಬರಸ್ತಾನಕ್ಕೆ ಹೋಗಿ ಫಾತಿಹಾ ಓದಿ ಬರುತ್ತಾರೆ. ಕಂಪನಿಯ ಲೆಕ್ಕಕ್ಕೆ ಸಹಿ ಬೇಕು, ಈ ಲೆಕ್ಕಕ್ಕೆ ಕೈ ಹಿಡಿದರೆ ಸಾಕು. ಆದರೆ ಇದನ್ನು ಆನ್‌ಲೈನ್‌ನಲ್ಲಿ ಮುಗಿಸಲಾಗದು, ಊರಿಗೆ ಬಂದ ಮೇಲೆ ಮಾಡಲೂ ಆಗದು.

ಈ ಹೊತ್ತಿನಲ್ಲಿ ಊರಿಗೆ ಮುಟ್ಟಿಸಿ ಎಂದು ಪೊಟ್ಟಣ ಕೊಡುವವರು ಬರುತ್ತಾರೆ. ಬಿಚ್ಚಿ ನೋಡದೆ ಏನನ್ನೂ ಒಯ್ಯಬಾರದು. ಸ್ನೇಹಿತರಾದವರು ಅದಕ್ಕೆ ಬೇಸರಪಡುವುದಿಲ್ಲ.

ಊರಿಗೆ ಬಂದ ಮೇಲೆ

ಗೋವಾದಲ್ಲಿ ಇಳಿದು ಅನಮೋಡ ಘಾಟ್, ರಾಮನಗರ ದಾಟಿ ಬರುವಾಗ ಕಾಡು ನೋಡಿ ಕಣ್ಣು ತುಂಬುತ್ತದೆ. ಮೊದಲ ವಾರ ಮನೆ ತುಂಬ ನೆಂಟರು. ಎಲ್ಲರ ಪ್ರಶ್ನೆ ಒಂದೇ: "ರಜೆ ಎಷ್ಟು ದಿನ?" ಇನ್ನು ಹೋಗುವುದಿಲ್ಲ ಎಂದ ಕೂಡಲೇ ಎದುರಿನವರ ಮುಖದಲ್ಲಿ ಏನೋ ಬದಲಾಗುತ್ತದೆ. ತಿಂಗಳು ಕಳೆದ ಮೇಲೆ ಅದೇ ಬದಲಾವಣೆ ಮನೆಯೊಳಗೂ ಬರಬಹುದು. ಹಣ ಕಳಿಸುತ್ತಿದ್ದವರು ಈಗ ಹಣ ಕೇಳುವವರಾಗಿದ್ದಾರೆ. ವರ್ಷಕ್ಕೊಮ್ಮೆ ಬರುತ್ತಿದ್ದ ಅಬ್ಬಾ ಈಗ ದಿನವೂ ಮನೆಯಲ್ಲಿದ್ದು ಮೊಬೈಲ್ ಯಾಕೆ, ತಡ ಯಾಕೆ ಎಂದು ಕೇಳುತ್ತಾರೆ. ಹೊಂದಿಕೊಳ್ಳಲು ಇಬ್ಬರಿಗೂ ಸಮಯ ಬೇಕು.

ಅವರ ಕೈಯಲ್ಲಿ ಕಸುಬಿದೆ ಎಂಬುದನ್ನು ಮರೆಯಬಾರದು. ಎಸಿ ರಿಪೇರಿ, ವೆಲ್ಡಿಂಗ್, ಕ್ರೇನ್ ನಡೆಸುವುದು, ದೊಡ್ಡ ಅಡುಗೆಮನೆ ನಿಭಾಯಿಸುವುದು ಇಲ್ಲಿಯೂ ಬೇಕಾದ ಕೆಲಸಗಳೇ. ಸ್ವಂತ ಉದ್ಯೋಗ ಮಾಡಬಯಸುವವರಿಗೆ ನಮ್ಮ ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಉಚಿತ ತರಬೇತಿ ನಡೆಸುತ್ತದೆ. ಸರ್ವಿಸ್ ಹಣವನ್ನು ಮೊದಲ ತಿಂಗಳಲ್ಲೇ ಜಾಗಕ್ಕೋ ಮದುವೆಗೋ ಸುರಿಯದೆ ಆರು ತಿಂಗಳ ಮನೆಖರ್ಚು ತೆಗೆದಿಟ್ಟು ಆಮೇಲೆ ಯೋಚಿಸುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯವರು ಯಾರಾದರೂ ಹೊರಗಿದ್ದರೆ ಈ ವಾರ ಫೋನ್ ಮಾಡಿದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ವರ್ಷವಾಯಿತು, ಕರಾರಿನಲ್ಲಿ ಮೂಲ ವೇತನ ಎಷ್ಟಿದೆ, ಕರಾರಿನ ಪ್ರತಿ ನಿಮ್ಮ ಬಳಿ ಇದೆಯೇ? ಉತ್ತರ ಬರೆದಿಟ್ಟು ಲೆಕ್ಕ ಹಾಕಿ ತಿಳಿಸಿ. ನಮ್ಮ ಫೀಸು ಕಟ್ಟಿದ ದುಡಿಮೆ ಅದು. ಅದರ ಕೊನೆಯ ಲೆಕ್ಕ ಸರಿಯಾಗಿ ಮುಗಿಯುವಂತೆ ನೋಡಿಕೊಳ್ಳುವುದು ನಮ್ಮ ಕೈಲಾಗುವ ಕೆಲಸ.